ಎಲ್ಲೂ ನಿಲ್ಲಿಸಬೇಡ

"ಬೀಗ ಹಾಕಬೇಡ," ಎಂದು ಪೂರಿಂಗ್ ಮಗಳ ಕೈಯಿಂದ ಬೀಗದ ಕೈ ಕಸಿದುಕೊಂಡಳು. "ಬಾಗಿಲು ಸುಮ್ಮನೆ ಮುಂದೆ ಮಾಡು, ಸಾಕು."

ರೊವೀನಾ ಕಪ್ಪು ಉಡುಪಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು. "ಅಮ್ಮಾ, ಇವತ್ತು ಅಪ್ಪನ ಮಣ್ಣು ಅಂತ ಇಡೀ ಬೀದಿಗೆ ಗೊತ್ತು. ಮನೇಲಿ ಯಾರೂ ಇರಲ್ಲ ಅಂತಾನೂ ಗೊತ್ತು. ಕಳ್ಳರನ್ನ ಕರೆದು ಮಣೆ ಹಾಕಿದ ಹಾಗಾಗುತ್ತೆ."

"ಕದಿಯೋಕೆ ಏನಿದೆ? ನಿಮ್ಮಪ್ಪನ ಅನ್ನದ ಕುಕ್ಕರಾ? ತಗೊಂಡು ಹೋಗ್ಲಿ ಬಿಡು."

ಕಾರಿನಲ್ಲಿ ಕಾಯುತ್ತಿದ್ದ ಅಳಿಯ ಹಾರನ್ ಹೊಡೆದ. ಮಣ್ಣು ಮುಗಿಸಿಕೊಂಡು ಬರುವವರಿಗೆಲ್ಲ ರೊವೀನಾ ಹೋಟೆಲಿನಲ್ಲಿ ಊಟಕ್ಕೆ ಹೇಳಿದ್ದಳು. ತಲೆಯ ತುಂಬ ಅದೇ ಲೆಕ್ಕಾಚಾರವಿತ್ತು. ತಾಯಿಯ ಜೊತೆ ವಾದಕ್ಕೆ ನಿಂತರೆ ಹೊತ್ತು ಮೀರುತ್ತದೆಂದು ಬಾಗಿಲು ಎಳೆದುಕೊಂಡು ಹೊರಟುಹೋದಳು.

ಪೂರಿಂಗ್ ಆ ಕಾರು ಹತ್ತಲಿಲ್ಲ. ಬೇಲಿಯ ಪಕ್ಕ ನಿಂತಿದ್ದ ಡೋಮಿಂಗನ ಹಳೆಯ ವ್ಯಾನಿನ ಕಿಟಕಿಗೆ ಬಂದು ಬಗ್ಗಿದಳು. ಡೋಮಿಂಗ್ ಅವಳ ಗಂಡ ಗಾರಿಯೊನ ಜೊತೆ ಒಂದೇ ಹಡಗಿನ ಒಂದೇ ಅಡುಗೆಮನೆಯಲ್ಲಿ ಬೆಂದವನು. ಆ ಹಡಗಿನ ಹೆಸರು ಹೊಲಿದ ಟೋಪಿಯನ್ನು ಈಗಲೂ ಹಾಕಿಕೊಂಡೇ ಓಡಾಡುತ್ತಾನೆ.

"ಡೋಮಿಂಗ್, ವಾಪಸ್ ಬರುವಾಗ ನನ್ನನ್ನ ನೀನೇ ಕರ್ಕೊಂಡು ಬರಬೇಕು. ಹೋಟೆಲಿಗಲ್ಲ. ನೆಟ್ಟಗೆ ಮನೆಗೆ. ಎಲ್ಲೂ ನಿಲ್ಲಿಸಬೇಡ."

ಡೋಮಿಂಗ್ ಟೋಪಿ ತೆಗೆದ. "ಅತ್ತಿಗೆ, ಏನು ಮಾತು ಅಂತ ಆಡ್ತಿದೀರಿ? ನೆಟ್ಟಗೆ ಮನೆಗೆ ಬಂದ್ರೆ ಅವನೂ ಹಿಂದೇನೇ ಬಂದುಬಿಡ್ತಾನಲ್ಲ!"

"ಬರಲಿ ಅಂತಾನೇ ಹೇಳ್ತಿರೋದು."

ನಮ್ಮಲ್ಲಿ ಸಾವಿಗೆ ಹೋದವರು ಯಾರೂ ನೇರವಾಗಿ ಮನೆಗೆ ಮರಳುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ಇಳಿದು, ಒಂದು ಕಾಫಿ ಕುಡಿದು, ಅಂಟಿಕೊಂಡು ಬಂದದ್ದನ್ನು ಅಲ್ಲೇ ಕೊಡವಿ ಬರಬೇಕು. ಪಗ್ಪಗ್ ಎಂದು ಅದಕ್ಕೆ ಹೆಸರು. ಕೊಡವಿಕೊಳ್ಳದಿದ್ದರೆ ಸತ್ತವರು ಬೆನ್ನಿಗೇ ಬಂದು ಮನೆ ಹೊಕ್ಕುಬಿಡುತ್ತಾರೆ. ನ್ಯಾಷನಲ್ ಸಿಟಿಯ ಈ ಬೀದಿಗಳಲ್ಲಿ ಅರ್ಧಕ್ಕರ್ಧ ಊರು ಬಿಟ್ಟು ಬಂದು ಅಮೆರಿಕದ ನೌಕಾಪಡೆಯಲ್ಲಿ ದುಡಿದು ಮುದುಕರಾದ ನಮ್ಮವರೇ ಇದ್ದಾರೆ. ಸಾವುಗಳಿಗೆ ಕೊರತೆಯಿಲ್ಲ. ತಿರುವಿನಲ್ಲಿರುವ ಡೋನಟ್ ಅಂಗಡಿ ನಡೆಯುವುದೇ ನಮ್ಮ ಹೆಣಗಳಿಂದ ಎಂದು ಗಾರಿಯೊ ನಗುತ್ತಿದ್ದ. ನಗುತ್ತಿದ್ದನೇ ಹೊರತು, ಈ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದರೂ ಒಂದು ಡೋನಟ್ ಮುರಿದು ಬಾಯಿಗೆ ಹಾಕಿಕೊಂಡ ಮೇಲೆಯೇ ಮನೆಯ ಕಡೆ ಹೆಜ್ಜೆಯಿಡುತ್ತಿದ್ದ. ಪೂರಿಂಗಳಿಗೂ ಅರ್ಧ ತಿನ್ನಿಸುತ್ತಿದ್ದ.

"ನಮಗೆಲ್ಲ ಕಲಿಸಿದವನೇ ಅವನು," ಎಂದು ಡೋಮಿಂಗ್ ಗೊಣಗಿದ. "ಈಗ ಅವನ ಸಾವಲ್ಲೇ ಅದನ್ನ ಮುರಿಯೋದಾ?"

"ಕರ್ಕೊಂಡು ಬರ್ತೀಯೋ ಇಲ್ವೋ ಹೇಳು."

ಅವನು ಉತ್ತರ ಕೊಡುವಷ್ಟರಲ್ಲಿ ಗಾರಿಯೊನ ಅಕ್ಕ ಸಲೂದ್ ಬೀಸಣಿಗೆ ಬೀಸಿಕೊಳ್ಳುತ್ತ ಬಂದು ವ್ಯಾನು ಹತ್ತಿದಳು. ಎಂಬತ್ತು ದಾಟಿದ ಜೀವ. ತಮ್ಮನ ಸಾವಿನ ಸುದ್ದಿ ಕೇಳಿ, ಹುಟ್ಟಿದ ಮೇಲೆ ಮೊದಲ ಸಲ ವಿಮಾನ ಹತ್ತಿ, ಸಮುದ್ರದಾಚೆಯ ಹುಟ್ಟೂರು ಬತಾಂಗಾಸಿನ ನಸುಗ್ಬುವಿನಿಂದ ಬಂದಿದ್ದಳು. ಬಂದಾಗಿನಿಂದ ಅವಳದು ಒಂದೇ ಹಟ.

"ಎಲ್ಲ ಮುಗಿದ ಮೇಲೆ ಚೆನ್ನಾಗಿ ಕೊಡವಿಕೊಳ್ಳಬೇಕು ನೀವೆಲ್ಲ," ಎಂದು ಕುಳಿತೊಡನೆ ಶುರುಮಾಡಿದಳು. "ದೇಹ ಸರ್ಕಾರ ಇಟ್ಕೊಳ್ತು, ಇಟ್ಕೊಳ್ಲಿ. ಮಿಕ್ಕಿದ್ದಾದರೂ ಊರಿಗೆ ಬರಲಿ. ಇಲ್ಲಿ ಯಾರ ಬೆನ್ನಿಗೂ ಅಂಟ್ಕೋಬಾರದು ಅವನು. ಹೋದ ತಿಂಗಳು ಫೋನಿನಲ್ಲಿ ನಂಗೆ ಮಾತು ಕೊಟ್ಟಿದಾನೆ, ಬರ್ತೀನಿ ಅಕ್ಕಾ, ಅಮ್ಮನ ಅಂಗಳಕ್ಕೇ ಬರ್ತೀನಿ ಅಂತ."

ಪೂರಿಂಗ್ ಮುಂದಿನ ಸೀಟಿಗೆ ಹತ್ತಿ ಕುಳಿತು ಕಿಟಕಿಯ ಕಡೆ ತಿರುಗಿದಳು. ಆಸ್ಪತ್ರೆಯ ಮಂಚದಲ್ಲಿ ಅವಳ ಕೈ ಹಿಡಿದು, ನಾಳೆ ನಮ್ಮನೆಗೆ ಹೋಗಿಬಿಡೋಣ, ಇನ್ನು ಎಲ್ಲಿಗೂ ಹೋಗಲ್ಲ ಎಂದಿದ್ದ ಗಾರಿಯೊ. ಯಾರಿಗೂ ಇಲ್ಲವೆನ್ನದ ಬಾಯಿ ಅದು. ಆಫೀಸರುಗಳ ಊಟದ ಕೋಣೆಯಲ್ಲಿ ‘ಯೆಸ್ ಸರ್’ ಎಂದು ಪಳಗಿದ ಬಾಯಿ, ಹೋಗುವಾಗಲೂ ಇಬ್ಬರು ಹೆಂಗಸರಿಗೆ ಮಾತು ಕೊಟ್ಟೇ ಹೋಗಿತ್ತು.

* * *

ಮದುವೆಯಾದಾಗ ಅವನು ರಜೆಯ ಮೇಲೆ ಬಂದಿದ್ದ. ಊರೆಲ್ಲ ಅವನನ್ನು ನೋಡಲು ಬಂತು. ನಮ್ಮ ದೇಶದಲ್ಲಿದ್ದ ಅಮೆರಿಕದ ನೌಕಾನೆಲೆಯ ಮುಂದೆ ಹುಡುಗರು ಬಿಸಿಲಲ್ಲಿ ಸಾಲುಗಟ್ಟಿ ನಿಂತು, ಹಲ್ಲು ಕಿವಿ ಎದೆ ಎಲ್ಲ ತೋರಿಸಿ, ಸೋತು ಬಸ್ಸಿನ ದುಡ್ಡೂ ಇಲ್ಲದೆ ನಡೆದು ಮರಳುತ್ತಿದ್ದ ಕಾಲ. ಆರಿಸಿಕೊಂಡ ಕೆಲವರಲ್ಲಿ ನಸುಗ್ಬುವಿನ ಗಾರಿಯೊನೂ ಒಬ್ಬ. ಆದರೆ ನಮ್ಮವರಿಗೆ ಆಗ ಹಡಗಿನಲ್ಲಿ ಸಿಗುತ್ತಿದ್ದದ್ದು ಒಂದೇ ಕೆಲಸ. ಆಫೀಸರುಗಳಿಗೆ ಅಡುಗೆ ಮಾಡಿ ಬಡಿಸಬೇಕು, ಅವರ ಅಂಗಿಗೆ ಇಸ್ತ್ರಿ ಹಾಕಬೇಕು, ಬೂಟು ಉಜ್ಜಬೇಕು. ಇದನ್ನು ಅವನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಪೂರಿಂಗಳಿಗೆ ಅವನು ತನ್ನ ಪ್ಯಾಂಟಿಗೆ ತಾನೇ ಇಸ್ತ್ರಿ ಹಾಕಿದ ನಯ ನೋಡಿಯೇ ಗೊತ್ತಾಯಿತು.

ರಜೆ ಮುಗಿದು ಅವನು ಹೋದ. ಅವಳು ಅತ್ತೆಯ ಮನೆಯಲ್ಲಿ ಸಲೂದಳ ಜೊತೆ ಉಳಿದಳು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಹೆಗಲ ಮೇಲೆ ಉದ್ದನೆಯ ಚೀಲ ಹೊತ್ತು, ಬಿದಿರ ಗೇಟಿನ ಹೊರಗೆ ನಿಂತು ಅವನು ಕೂಗುತ್ತಿದ್ದ:

"ತಾಓ ಪೋ!"

ಮನುಷ್ಯ ಬಂದಿದ್ದೇನೆ ಎಂದು. ಪರರ ಮನೆಗೆ ಹೋದಾಗ ನಮ್ಮವರೆಲ್ಲ ಹಾಗೆಯೇ ಕೂಗುವುದು, ಬಂದದ್ದು ದೆವ್ವವಲ್ಲ ಎಂದು ಒಳಗಿದ್ದವರಿಗೆ ತಿಳಿಯಲೆಂದು. ತನ್ನ ಮನೆಗೇ ಹಾಗೆ ಕೂಗಿಕೊಂಡು ಬಂದವನು ಅವನೊಬ್ಬನೇ.

"ಏನೋ ಇದು, ಹುಟ್ಟಿದ ಮನೆಗೆ ನೆಂಟನ ಹಾಗೆ!" ಎಂದು ತಾಯಿ ಬೈಯುತ್ತಿದ್ದಳು. ಅವನು ಹಲ್ಲು ಕಿರಿಯುತ್ತ ಅಲ್ಲೇ ನಿಂತಿರುತ್ತಿದ್ದ. ಗೇಟು ತೆರೆದೇ ಇದ್ದರೂ, ಒಳಗಿನಿಂದ ಯಾರಾದರೂ ಬಾ ಎನ್ನುವ ತನಕ ಕಾಲಿಡುತ್ತಿರಲಿಲ್ಲ. ಮೊದಲು ಓಡಿಹೋಗುತ್ತಿದ್ದದ್ದು ಯಾವಾಗಲೂ ಸಲೂದಳೇ. ಪೂರಿಂಗ್ ಬಾಗಿಲ ಮರೆಯಲ್ಲಿ ನಿಂತು ತನ್ನ ಸರದಿಗೆ ಕಾಯುತ್ತಿದ್ದಳು.

ಅಂಥ ಒಂದು ರಜೆಯಲ್ಲಿ, ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದವಳ ಜೊತೆ ಇನ್ನೊಂದು ತುದಿ ಹಿಡಿದು ಅವನು ಹೇಳಿದ. "ವಿಯೆಟ್ನಾಮಿನಲ್ಲಿ ಯುದ್ಧ ನಡೀತಿದೆಯಲ್ಲ, ಅದಕ್ಕೆ ಸೇವೆಯಲ್ಲಿದ್ದ ನಮ್ಮಂಥವರಿಗೂ ಅಮೆರಿಕದ ಪೌರತ್ವ ಕೊಡ್ತಾರಂತೆ. ಅದೊಂದು ಸಿಕ್ಕಿದ್ರೆ ನಿನ್ನ ಕರ್ಕೊಂಡು ಹೋಗಬಹುದು. ನಮ್ದೇ ಮನೆ, ನಮ್ದೇ ಒಲೆ."

"ಆವಾಗ ನೀನು ಮನೇಲೇ ಇರ್ತೀಯಾ?"

"ಯೆಸ್ ಮೇಡಂ," ಎಂದು ಒದ್ದೆ ಕೈಯಲ್ಲೇ ಸೆಲ್ಯೂಟ್ ಹೊಡೆದ.

ಅವಳು ನಂಬಿದಳು. ಎದೆ ತುಂಬ ಆಸೆ ಹೊತ್ತ ಇಪ್ಪತ್ತೆರಡರ ಹುಡುಗಿ, ನಂಬದೆ ಏನು ಮಾಡಿಯಾಳು.

* * *

ಸರ್ಕಾರದ ಸೈನಿಕ ಸ್ಮಶಾನ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲಿತ್ತು. ಒಂದೇ ಅಳತೆಯ ಬಿಳಿ ಕಲ್ಲುಗಳು ಹುಲ್ಲಿನ ಉದ್ದಕ್ಕೂ ಸಾಲಾಗಿ ನಿಂತಿದ್ದವು. ಇಲ್ಲಿ ಆಫೀಸರಿಗೂ ಅವನ ಬೂಟು ಉಜ್ಜಿದವನಿಗೂ ಒಂದೇ ಕಲ್ಲು.

ಇಬ್ಬರು ಎಳೆಯ ನಾವಿಕರು ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಎತ್ತಿ ಮಡಿಸತೊಡಗಿದರು. ದೂರದಲ್ಲಿ ಮೂರನೆಯವನು ಕಹಳೆಯನ್ನು ತುಟಿಗಿಟ್ಟ. ನಾದ ಗಾಳಿಯಲ್ಲಿ ಬಂದಾಗ ರೊವೀನಾ ಗಂಡನ ಹೆಗಲಿಗೆ ಮುಖವಿಟ್ಟು ಅತ್ತಳು.

"ಅತ್ತಿಗೆ," ಎಂದು ಡೋಮಿಂಗ್ ಪೂರಿಂಗಳ ಕಿವಿಯಲ್ಲಿ ಪಿಸುಗುಟ್ಟಿದ, "ಅವನು ಊದ್ತಾನೇ ಇಲ್ಲ. ಒಳಗೆ ಯಂತ್ರ ಇಟ್ಟಿದಾರೆ. ಸುಮ್ನೆ ಕೆನ್ನೆ ಉಬ್ಬಿಸ್ಕೊಂಡು ನಿಂತಿದಾನೆ."

"ಸುಮ್ನಿರೋ."

"ಗಾರಿಯೊ ಇದ್ದಿದ್ರೆ ಎಷ್ಟು ನಗ್ತಿದ್ದ."

ಪೂರಿಂಗಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಅಷ್ಟರಲ್ಲಿ ನಾವಿಕನೊಬ್ಬ ಅವಳ ಮುಂದೆ ಮಂಡಿಯೂರಿ, ದೇಶದ ಪರವಾಗಿ ಕೃತಜ್ಞತೆಯ ಮಾತುಗಳನ್ನು ಹೇಳಿ, ತ್ರಿಕೋನವಾಗಿ ಮಡಿಸಿದ ಬಾವುಟವನ್ನು ಅವಳ ತೊಡೆಯ ಮೇಲಿಟ್ಟ. ಬಿಗಿಯಾಗಿ ಸುತ್ತಿದ ಕೂಸಿನಷ್ಟಿತ್ತು ಅದು. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಪೆಟ್ಟಿಗೆ ಇಳಿಯಿತು. ಜನ ಒಂದೊಂದೇ ಹೂವು ಹಾಕಿ ಕಾರುಗಳ ಕಡೆ ನಡೆದರು. ಸಲೂದ್ ಮಾತ್ರ ಕದಲಲಿಲ್ಲ.

"ಅವತ್ತು ಪೌರತ್ವಕ್ಕೆ ಅಂತ ಕೋರ್ಟಿನಲ್ಲಿ ಕೈ ಎತ್ತಿ ಪ್ರಮಾಣ ಮಾಡಿದನಲ್ಲ, ಅವತ್ತೇ ಹೋದ ಇವನು," ಎಂದಳು. "ಇವತ್ತು ಮಣ್ಣಾದ, ಅಷ್ಟೆ. ಅದಾದ ಮೇಲೆ ಮೊದಲ ಸಲ ಊರಿಗೆ ಬಂದಾಗ ನಮ್ಮಮ್ಮ ಏನು ಕೇಳಿದ್ಳು ಗೊತ್ತಾ? ಎಷ್ಟು ದಿನ ಇರೋಕೆ ಬಿಟ್ಟಿದಾರೆ ಮಗಾ ಅಂತ. ಹುಟ್ಟಿದ ಮನೇಲಿ ಇರೋಕೆ ಬೇರೆಯವರ ಅಪ್ಪಣೆ! ಅವನು ತಲೆ ತಗ್ಗಿಸಿ ಅನ್ನ ಕಲಸ್ತಾನೇ ಕೂತಿದ್ದ. ಅಮ್ಮ ಸತ್ತಾಗ ಎಲ್ಲಿದ್ದ? ಯಾವ ಸಮುದ್ರದಲ್ಲಿದ್ದ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

"ಕೈ ಎತ್ತಿದಾಗ ಪಕ್ಕದಲ್ಲಿ ನಾನೇ ಇದ್ದೆ, ಸಲೂದಕ್ಕ," ಎಂದ ಡೋಮಿಂಗ್.

"ಇದ್ದು ಏನು ಮಾಡಿದೆ? ಕೈ ಕೆಳಗೆ ಎಳೀಬಾರದಿತ್ತಾ?"

"ನಂದೂ ಮೇಲೇ ಇತ್ತಲ್ಲ." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಧಿಕಾರಿ ಕೇಳಿದ, ದೇಶಕ್ಕಾಗಿ ಆಯುಧ ಹಿಡೀತೀರಾ ಅಂತ. ಗಾರಿಯೊ ಮೆಲ್ಲಗೆ ನಮ್ಮ ಮಾತಲ್ಲಿ ಅಂದ, ಇಷ್ಟು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದಿದೀನಲ್ಲ, ಅದು ಲೆಕ್ಕಕ್ಕೆ ಬರಲ್ವೇನೋ ಅಂತ. ನಾನು ನಗು ತಡ್ಕೊಳ್ಳೋಕೆ ನಾಲಿಗೆ ಕಚ್ಕೊಂಡೆ. ಆಮೇಲೆ ಎಲ್ಲರೂ ಒಟ್ಟಿಗೆ ಹೇಳಬೇಕಿತ್ತು. ಹುಟ್ಟಿದ ದೇಶದ ಮೇಲಿನ ನಿಷ್ಠೆ ಪೂರ್ತಿ ಬಿಟ್ಟೆ ಅಂತ ಒಂದು ಸಾಲು ಬರುತ್ತೆ. ಅದು ಬಂದಾಗ ನನ್ನ ಪಕ್ಕದ ದನಿ ನಿಂತುಹೋಯ್ತು. ಕೈ ಮೇಲೇ ಇದೆ. ಬಾಯಿ ಮುಚ್ಚಿದೆ. ಕಣ್ಣಲ್ಲಿ ನೀರು. ಆ ಸಾಲು ಮುಗಿದ ಮೇಲೆ ಮತ್ತೆ ಶುರುಮಾಡಿದ."

ಸಲೂದಳ ಬೀಸಣಿಗೆ ನಿಂತಿತು. "ಹೇಳಲಿಲ್ವಾ?"

"ಹೇಳಲಿಲ್ಲ. ಹುಟ್ಟಿದಾಗಿಂದ ಯಾರಿಗೂ ಇಲ್ಲ ಅಂದವನಲ್ಲ. ಅವತ್ತೊಂದು ದಿನ ಅಂದ, ಬಾಯಿ ಬಿಡದೇ ಅಂದ. ಹೊರಗೆ ಬಂದು ನನ್ನ ಹತ್ರ ಆಣೆ ಮಾಡಿಸ್ಕೊಂಡ, ಯಾರಿಗೂ ಹೇಳಕೂಡದು, ಪೂರಿಂಗ್ ಬರೋದಕ್ಕೆ ತೊಂದರೆ ಆದೀತು ಅಂತ. ಇನ್ನು ಯಾರು ಏನು ಮಾಡ್ತಾರೆ?"

ಪೂರಿಂಗಳಿಗೂ ಇದು ಹೊಸದು. ಬಾವುಟವನ್ನು ಎದೆಗೆ ಒತ್ತಿಕೊಂಡು ಅವಳು ಆ ಮುಚ್ಚಿದ ಬಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ತನಗಾಗಿ ಎತ್ತಿದ ಕೈ ಅದು, ತಾಯಿಗಾಗಿ ಮುಚ್ಚಿದ ಬಾಯಿ. ಸಲೂದ್ ಗುಂಡಿಯ ಕಡೆ ನೋಡುತ್ತ "ಬೆಪ್ಪ," ಎಂದಳು. ಆಮೇಲೆ ವ್ಯಾನಿನ ಕಡೆ ನಡೆದಳು.

* * *

ಪೂರಿಂಗ್ ಈ ದೇಶಕ್ಕೆ ಬಂದಿಳಿದ ದಿನ ಗಾರಿಯೊ ಅವಳನ್ನು ಪುಟ್ಟ ಬಾಡಿಗೆ ಮನೆಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದು, ಎರಡು ಬೀಗದ ಕೈಗಳನ್ನೂ ಅವಳ ಅಂಗೈಗೆ ಹಾಕಿದ.

"ಒಂದು ನಿಂದು ಇಟ್ಕೋ," ಎಂದಳು ಅವಳು.

"ಸಮುದ್ರದಲ್ಲಿ ಬೀಳಿಸ್ಕೊಂಡ್ರೆ? ಎರಡೂ ನಿನ್ನ ಹತ್ರಾನೇ ಇರಲಿ."

ಮೂರು ವಾರ ಕಳೆಯುವಷ್ಟರಲ್ಲಿ ಅವನ ಹಡಗು ಹೊರಟಿತು. ನಸುಗ್ಬುವಿನಲ್ಲಿ ಕಾಯಲು ಅತ್ತೆ ನಾದಿನಿಯರಾದರೂ ಜೊತೆಗಿದ್ದರು. ಇಲ್ಲಿ ಅವಳು ಒಬ್ಬಳೇ ಕಾದಳು. ರೊವೀನಾ ಹುಟ್ಟಿದಾಗ ಅವನು ಇರಲಿಲ್ಲ, ನಡೆಯಲು ಕಲಿತಾಗಲೂ ಇರಲಿಲ್ಲ. ಬಂದಾಗಲೆಲ್ಲ ಬಾಗಿಲ ಹೊರಗೆ ನಿಂತು ಬೆಲ್ ಒತ್ತಿ, ತಾಓ ಪೋ ಎಂದು ಕೂಗುತ್ತಿದ್ದ. ಮಗು ಅದನ್ನೇ ಅವನ ಹೆಸರೆಂದು ತಿಳಿದು, ‘ಅಮ್ಮಾ, ತಾಓ ಬಂದ’ ಎಂದು ಒಳಗೆ ಓಡುತ್ತಿತ್ತು. ಬೀದಿಯವರೆಲ್ಲ ಅದಕ್ಕೆ ನಕ್ಕಿದ್ದೇ ನಕ್ಕಿದ್ದು. ಪೂರಿಂಗ್ ಬಚ್ಚಲಿಗೆ ಹೋಗಿ ಅತ್ತು ಬಂದಳು.

ನೌಕಾಪಡೆಯಿಂದ ನಿವೃತ್ತನಾದ ಮೇಲಾದರೂ ಮನೆ ಹಿಡಿದನೇ ಎಂದರೆ ಅದೂ ಇಲ್ಲ. ಹಡಗು ದುರಸ್ತಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ. ಅದೂ ಮುಗಿದ ಮೇಲೆ ಯಾರದೇ ಮದುವೆ, ನಾಮಕರಣ, ಸಾವು ಇರಲಿ, ಅಲ್ಲಿ ಒಲೆಯ ಮುಂದೆ ಗಾರಿಯೊ. ಬಂದು ಕೇಳಿದವರಿಗೆ ಇಲ್ಲವೆನ್ನಲು ಬರಬೇಕಲ್ಲ. ಮನೆಯೆಂದರೆ ಅವನಿಗೆ ರಜೆಯ ಜಾಗವಾಗಿಯೇ ಉಳಿಯಿತು. ಬೀಗದ ಕೈ ಮಾತ್ರ ಕೊನೆಯ ತನಕ ಇಟ್ಟುಕೊಳ್ಳಲಿಲ್ಲ.

"ಎದ್ದು ಬಂದು ಬಾಗಿಲು ತೆಗೆದೂ ತೆಗೆದೂ ನನ್ನ ಮೊಣಕಾಲು ಸವೀತು," ಎಂದು ಒಮ್ಮೆ ಅವಳು ರೇಗಿದಳು. "ಒಂದು ಕೀ ಇಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

ಅವನು ಬೂಟು ಬಿಚ್ಚುತ್ತ ಬಗ್ಗಿದ್ದವನು ತಲೆಯೆತ್ತಲಿಲ್ಲ. "ಕೀ ಇದ್ರೆ ನೀನು ಬಂದು ಬಾ ಒಳಗೆ ಅಂತೀಯಾ?"

ಅವಳು ಬೆಳ್ಳುಳ್ಳಿ ಅನ್ನ ಬಿಸಿ ಮಾಡಲು ಒಳಗೆ ಹೋದಳು.

* * *

ಡೋನಟ್ ಅಂಗಡಿಯ ಗುಲಾಬಿ ಬೋರ್ಡು ಕಾಣಿಸುತ್ತಿದ್ದಂತೆ ಡೋಮಿಂಗನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

"ಡೋಮಿಂಗ್!" ಎಂದಳು ಪೂರಿಂಗ್.

"ನಿಲ್ಲಿಸು," ಎಂದಳು ಸಲೂದ್. "ನಿಮ್ಮ ಗುಸುಗುಸು ನಂಗೆ ಬೆಳಿಗ್ಗೇನೇ ಕೇಳಿಸಿತ್ತು. ಮುದುಕಿ ಆಗಿರಬಹುದು, ಕಿವುಡಿ ಆಗಿಲ್ಲ."

ವ್ಯಾನು ಅಂಗಡಿಯ ಮುಂದೆ ನಿಂತಿತು. ಡೋಮಿಂಗ್ ಸ್ಟಿಯರಿಂಗ್ ಹಿಡಿದು ನೇರ ನೋಡುತ್ತ ಕುಳಿತ. "ನನ್ನ ಯಾಕಮ್ಮಾ ಇದರಲ್ಲಿ ಸಿಕ್ಕಿಸ್ತೀರಿ? ಹಡಗಲ್ಲಿ ಇಬ್ಬರು ಕ್ಯಾಪ್ಟನ್ ಇದ್ರೆ ಅಡುಗೆಯವನ ಗತಿ ಏನು?"

"ನಾನು ಇಳಿಯಲ್ಲ," ಎಂದಳು ಪೂರಿಂಗ್. "ಅಕ್ಕಾ, ಹುಟ್ಟಿದಾಗಿಂದ ದೊಡ್ಡವನಾಗೋ ತನಕ ನಿಮ್ಮ ಮನೇಲಿದ್ದ. ಆಮೇಲೆ ಹಡಗಿನವರ ಮನೇಲಿದ್ದ. ನಂಗೆ ಸಿಕ್ಕಿದ್ದೆಲ್ಲ ಕೂಡಿಸಿದ್ರೆ ಒಂದು ಸಂಸಾರ ಆಗಲ್ಲ. ನನ್ನನ್ನ ಕರೆಸ್ಕೊಳ್ಳೋದಕ್ಕೆ ಅಂತ ಕೈ ಎತ್ತಿದ. ಕರೆಸ್ಕೊಂಡು ಹೊರಟುಹೋದ. ಊರು ತಗೊಂಡಿದ್ದು ತಗೊಳ್ತು, ದೇಶ ತಗೊಂಡಿದ್ದು ತಗೊಳ್ತು. ನಂಗೆ ಉಳಿದಿದ್ದು ಈ ಬಟ್ಟೆ. ಇದನ್ನ ಪಕ್ಕದಲ್ಲಿ ಮಲಗಿಸ್ಕೊಳ್ಲಾ?"

ಅಂಗಡಿಯಿಂದ ಯಾರೋ ಪೊಟ್ಟಣ ಹಿಡಿದು ಹೊರಗೆ ಬಂದರು. ಬಾಗಿಲಿನ ಗಂಟೆ ಕಿಣಿಕಿಣಿ ಎಂದಿತು. ಸಲೂದ್ ತಮ್ಮನ ಹೆಂಡತಿಯ ಮುಖವನ್ನು ನೋಡಿದಳು. ಬಿದಿರ ಗೇಟಿನ ಮನೆಯಲ್ಲಿ ಬಾಗಿಲ ಮರೆಗೆ ನಿಲ್ಲುತ್ತಿದ್ದ ಹುಡುಗಿ ಈಗ ಮುದುಕಿಯಾಗಿ ಕುಳಿತಿದ್ದಳು. ಸಲೂದ್ ಬೀಸಣಿಗೆ ಮಡಿಸಿ ಚೀಲಕ್ಕೆ ಹಾಕಿದಳು. ಬಾಗಿಲು ಸರಿಸಿ, ಒಂದೊಂದೇ ಕಾಲು ಕೆಳಗಿಟ್ಟಳು.

"ಅಕ್ಕಾ, ಎಲ್ಲಿಗೆ?"

"ಕೊಡವಿಕೊಳ್ಳೋಕೆ. ಇಬ್ಬರೂ ಒಟ್ಟಿಗೆ ಹೋದ್ರೆ ಅವನು ಮತ್ತೆ ಇಬ್ಬರಿಗೂ ಹೂಂ ಅಂತಾನೆ, ಮಧ್ಯದಲ್ಲಿ ನಿಂತ್ಕೋತಾನೆ."

ರಸ್ತೆಯ ಅಂಚಿನಲ್ಲಿ ನಿಂತು, ಬರುಹೋಗುವ ಕಾರುಗಳ ಮುಂದೆಯೇ, ಅವಳು ಲಂಗದ ನೆರಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕೊಡವಿದಳು. ಹೆಗಲ ಶಾಲನ್ನು ತೆಗೆದು ಅದನ್ನೂ ಕೊಡವಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಆಮೇಲೆ ವ್ಯಾನಿನೊಳಗೆ ತಲೆ ಹಾಕಿದಳು.

"ಬಾಗಿಲು ತೆರೆದಿಟ್ರೆ ಸಾಲದು, ಪೂರಿಂಗ್. ಬಾ ಅನ್ನಬೇಕು. ಅನ್ನದಿದ್ರೆ ಅಲ್ಲೇ ನಿಂತಿರ್ತಾನೆ. ಚಿಕ್ಕಂದಿನಿಂದ ಹಾಗೇ ಅದು." ಶಾಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಇಷ್ಟು ದಿನ ಮೊದಲು ಓಡಿ ಹೋಗ್ತಿದ್ದಿದ್ದು ನಾನು," ಎಂದು, ಅಂಗಡಿಯ ಕಡೆ ತಿರುಗಿ ನಡೆದಳು.

ಉಳಿದ ದಾರಿಯಲ್ಲಿ ಡೋಮಿಂಗ್ ಎರಡು ಸಲ ಕನ್ನಡಿಯಲ್ಲಿ ಹಿಂದಿನ ಖಾಲಿ ಸೀಟು ನೋಡಿದ. "ಬೆಲ್ಟ್ ಹಾಕ್ಕೊಳ್ಳೋ," ಎಂದ. ಪೂರಿಂಗ್ ನಗಲಿಲ್ಲ. ಅವನೂ ನಗಲಿಲ್ಲ.

ಮನೆಯ ಮುಂದೆ ವ್ಯಾನು ನಿಲ್ಲಿಸಿದವನು ಎಂಜಿನ್ ಆರಿಸಲಿಲ್ಲ. "ನಾನು ಒಳಗೆ ಬರಲ್ಲ ಅತ್ತಿಗೆ. ಸಲೂದಕ್ಕ ಒಬ್ಬಳೇ ಕೂತಿರ್ತಾಳೆ. ಅವಳ ಜೊತೆ ಒಂದು ಕಾಫಿ ಕುಡಿದು, ಹೋಟೆಲಿನಲ್ಲಿ ರೊವೀನಾಗೂ ಹೇಳ್ತೀನಿ, ಅಮ್ಮ ಮನೇಲಿದಾಳೆ ಅಂತ." ಹೇಳಿ ಕೆಳಗಿಳಿದ. ಹಿಂದಿನ ಬಾಗಿಲನ್ನು ಪೂರ್ತಿ ಸರಿಸಿ, ಟೋಪಿ ತೆಗೆದು, ಪಕ್ಕಕ್ಕೆ ಸರಿದು ನಿಂತ. ಒಳಗೆ ಯಾರೂ ಇರಲಿಲ್ಲ. ಬೇಕಾದಷ್ಟು ಹೊತ್ತು ಬಿಟ್ಟು ಬಾಗಿಲು ಮುಚ್ಚಿ, ತಿರುಗಿ ನೋಡದೆ ಹೊರಟುಹೋದ.

ಪೂರಿಂಗ್ ಮೆಟ್ಟಿಲು ಹತ್ತಿದಳು. ಬಾಗಿಲು ಬೆಳಿಗ್ಗೆ ಬಿಟ್ಟುಹೋದ ಹಾಗೆಯೇ ಇತ್ತು. ತಳ್ಳಿ, ಒಳಗೆ ಕಾಲಿಟ್ಟು, ಬೀದಿಯ ಕಡೆ ತಿರುಗಿದಳು. ಎದುರುಮನೆಯ ನಾಯಿ ಬಿಸಿಲಲ್ಲಿ ಮಲಗಿತ್ತು. ಬೆಲ್ ಆಗಲಿಲ್ಲ. ಕೂಗೂ ಕೇಳಿಸಲಿಲ್ಲ. ಮನುಷ್ಯ ಬಂದಿದ್ದೇನೆ ಎಂದು ಕೂಗಲು ಅವನಿಗೆ ಇನ್ನು ಬರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಬಾ ಒಳಗೆ," ಎಂದಳು.

ಬಾವುಟವನ್ನು ಒಂದು ಕಂಕುಳಿಗೆ ಸೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲನ್ನು ಗೋಡೆಯ ತನಕ ತೆರೆದು ಹಿಡಿದು, ಹೆಗಲ ಮೇಲೆ ಉದ್ದನೆಯ ಚೀಲ ಹೊತ್ತವನೊಬ್ಬ ತಗುಲಿಸಿಕೊಳ್ಳದೆ ಹಾದುಹೋಗುವಷ್ಟು ಜಾಗ ಬಿಟ್ಟು ನಿಂತಳು. ಆಮೇಲೆ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಸೇರಿಸಿದಳು.